ಯಾರ ಕೈಗೆ ಯಾವ ಮನೆಯ ಕಥೆ: ಗೆಳೆಯರಿಗೆ ಗ್ರಾಫಿಕ್ ಆತ್ಮಕಥನ ಓದಿಸುವ ಬಗೆ

ಬರೆದವರು ತಮ್ಮ ಬದುಕನ್ನು ತಾವೇ ಚಿತ್ರದ ಚೌಕಗಳಲ್ಲಿ ಹೇಳಿಕೊಂಡ ಪುಸ್ತಕವೇ ಗ್ರಾಫಿಕ್ ಆತ್ಮಕಥನ. ಅಪ್ಪ, ಅಮ್ಮ, ಅಜ್ಜಿ, ಒಡಹುಟ್ಟಿದವರು, ಬೆಳೆದ ಊರು, ಇವೇ ಅದರ ಹೂರಣ. ಇಂಥ ಪುಸ್ತಕವನ್ನು ಗೆಳೆಯರಿಗೆ ಓದಲು ಕೊಡುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ದೊಡ್ಡ ಪ್ರಶಸ್ತಿ ಬಂದದ್ದು, ಎಲ್ಲ ಪಟ್ಟಿಗಳಲ್ಲೂ ಮೊದಲಿಗೆ ಕಾಣುವುದು ಯಾವುದೋ ಅದನ್ನೇ ಎತ್ತಿ ಕೊಟ್ಟುಬಿಡುತ್ತಾರೆ. ಆರು ತಿಂಗಳ ಮೇಲೆ ನಲವತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಪುಸ್ತಕ ವಾಪಸು ಬರುತ್ತದೆ.

ಬೇರೆಯವರ ಮನೆಯ ಕಥೆಯನ್ನೂ ಜನ ತಮ್ಮ ಮನೆಯ ಬಾಗಿಲಿನಿಂದಲೇ ಹೊಕ್ಕು ಓದುತ್ತಾರೆ. ಹಾಗಾಗಿ ಗೆಳೆಯರ ಮನಸ್ಸಿನಲ್ಲಿ ಈಗ ಯಾರು ಕೂತಿದ್ದಾರೆ ಎಂದು ಮೊದಲು ನೋಡಬೇಕು. ಮಾತು ಬಿಟ್ಟ ಅಪ್ಪನೋ, ಕಾಯಿಲೆಯ ಅಣ್ಣನೋ, ಊರಲ್ಲಿ ಒಬ್ಬರೇ ಉಳಿದ ವಯಸ್ಸಾದ ಅಮ್ಮನೋ? ಅದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಕೊಡುವ ಮೊದಲು ತಿಳಿಯಬೇಕಾದ್ದು

ಇದನ್ನೆಲ್ಲ ಪ್ರಶ್ನೆಪತ್ರಿಕೆಯಂತೆ ಕೇಳಬೇಕಿಲ್ಲ. ಒಂದು ಕಾಫಿಯ ಹೊತ್ತಿನ ಮಾತಿನಲ್ಲೇ ತಿಳಿಯುತ್ತದೆ. ಮನೆಯ ಸುದ್ದಿ ಬಂದಾಗ ಅವರು ಯಾರ ಹೆಸರು ಹೆಚ್ಚು ಎತ್ತುತ್ತಾರೆ, ಯಾರ ಹೆಸರು ಎತ್ತುವುದೇ ಇಲ್ಲ, ಎರಡನ್ನೂ ಗಮನಿಸಿ. ಎತ್ತದ ಹೆಸರಿನ ಬಗ್ಗೆ ಪುಸ್ತಕ ಕೊಡುವುದಾದರೆ ಮೊದಲು ಹೇಳಿ ಕೊಡಬೇಕು, ಅಚ್ಚರಿಯ ಉಡುಗೊರೆಯಾಗಿ ಕೊಡಬಾರದು.

ಕಳೆದ ಒಂದು ವರ್ಷದಲ್ಲಿ ಅವರ ಮನೆಯಲ್ಲಿ ಸಾವು, ದೊಡ್ಡ ಆಪರೇಷನ್, ವಿಚ್ಛೇದನ ಏನಾದರೂ ಆಗಿದೆಯೇ? ಆಗಿದ್ದರೆ ಅದೇ ವಿಷಯದ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬರಹದಲ್ಲಿ ಆಸ್ಪತ್ರೆಯ ವಿವರ ಬಂದರೆ ಕಣ್ಣು ಓಡಿಸಿ ದಾಟಬಹುದು. ಚಿತ್ರದಲ್ಲಿ ಆ ಉಪಾಯ ನಡೆಯುವುದಿಲ್ಲ. ಪುಟ ತಿರುಗಿಸಿದ ಕ್ಷಣವೇ ಇಡೀ ಪುಟ ಕಣ್ಣಿಗೆ ಬಿದ್ದಿರುತ್ತದೆ.

ಇನ್ನು ಚಿತ್ರಕತೆ ಓದುವ ರೂಢಿ. ಬಾಲಮಂಗಳದ ಡಿಂಗನನ್ನು ಓದಿ ಅಲ್ಲಿಗೇ ನಿಲ್ಲಿಸಿದವರಿಗೂ ಈಚೆಗೆ ಜಪಾನಿನ ಮಂಗಾ ಚಿತ್ರಕತೆ ಓದುತ್ತಿರುವವರಿಗೂ ಒಂದೇ ಪುಸ್ತಕ ಹೊಂದುವುದಿಲ್ಲ. ರೂಢಿ ತಪ್ಪಿದವರಿಗೆ ಪುಟಕ್ಕೆ ಆರೇಳು ಚೌಕ, ಅಗಲವಾದ ಗೆರೆ, ಕಾಲಕ್ರಮದಲ್ಲೇ ಸಾಗುವ ಕಥೆ ಇರಬೇಕು. ಹಿಂದೆ ಮುಂದೆ ಜಿಗಿಯುವ ಪುಸ್ತಕ ಎರಡನೆಯದಾಗಲಿ.

ಓದುವ ಕ್ರಮವನ್ನು ಐದು ನಿಮಿಷ ತೋರಿಸಿಕೊಡಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅತಿ ಹೆಚ್ಚು ಫಲ ಕೊಡುವುದು ಇದೇ. ಬರಹವನ್ನೇ ಓದಿ ಬೆಳೆದವರು ಗ್ರಾಫಿಕ್ ಪುಸ್ತಕ ತೆರೆದಾಗ ಮಾತುಗಳನ್ನಷ್ಟೇ ಓದಿ ಚಿತ್ರ ಬಿಟ್ಟು ಓಡುತ್ತಾರೆ. 240 ಪುಟದ ಪುಸ್ತಕ ಎರಡು ಗಂಟೆಯಲ್ಲಿ ಮುಗಿಯುತ್ತದೆ. "ಇಷ್ಟೇನಾ?" ಎನ್ನುತ್ತಾರೆ. ನೋಡುತ್ತಾ ಓದಿದರೆ ಅದೇ ಪುಸ್ತಕ ನಾಲ್ಕೈದು ಗಂಟೆ ಹಿಡಿಯುತ್ತದೆ, ಅದನ್ನು ಮೂರು ಸಂಜೆಗೆ ಹಂಚಿಕೊಂಡರೆ ಚೆನ್ನ.

ಚೌಕಗಳನ್ನು ಎಡದಿಂದ ಬಲಕ್ಕೆ, ಸಾಲು ಮುಗಿದ ಮೇಲೆ ಕೆಳಗಿನ ಸಾಲಿಗೆ, ಹೀಗೆ ಓದಬೇಕು. ಒಂದೇ ಚೌಕದಲ್ಲಿ ಎರಡು ಮಾತಿನ ಗುಳ್ಳೆಗಳಿದ್ದರೆ ಮೇಲಿರುವುದು ಮೊದಲು. ಇಷ್ಟು ಎಲ್ಲರಿಗೂ ತಿಳಿದೀತು. ಹೇಳಿಕೊಡಬೇಕಾದ್ದು ಇನ್ನೊಂದಿದೆ. ಚೌಕದ ಮೇಲುಗಡೆ ಡಬ್ಬಿಯಲ್ಲಿ ಬರೆದ ಸಾಲು ಇವತ್ತಿನ ಲೇಖಕರದು, ದೊಡ್ಡವರಾದ ಮೇಲಿನ ದನಿ. ಗುಳ್ಳೆಯೊಳಗಿನ ಮಾತು ಅಂದಿನ ಮಗುವಿನದು, ಅಂದಿನ ಅಪ್ಪ ಅಮ್ಮನದು. ಡಬ್ಬಿ ಒಂದು ಹೇಳುತ್ತದೆ, ಕೆಳಗಿನ ಚಿತ್ರ ಇನ್ನೊಂದು ತೋರಿಸುತ್ತದೆ. ಆ ಎರಡರ ನಡುವಿನ ಜಗ್ಗಾಟದಲ್ಲೇ ಆತ್ಮಕಥನದ ಜೀವ ಇರುವುದು. ಇದನ್ನು ಒಂದು ಪುಟದಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು, ಉಳಿದ ಪುಸ್ತಕವನ್ನು ಅವರು ತಾವೇ ಹಾಗೆ ಓದುತ್ತಾರೆ.

ಚೌಕ ಚೌಕಗಳ ನಡುವಿನ ಬಿಳಿ ಓಣಿಯಲ್ಲೂ ಕಾಲ ಕಳೆದಿರುತ್ತದೆ, ಒಂದು ಕ್ಷಣವೋ ಹತ್ತು ವರ್ಷವೋ. ಮಾತೇ ಇಲ್ಲದ ಪುಟ ಬಂದರೆ ಅಲ್ಲಿ ಕನಿಷ್ಠ ಹತ್ತು ಸೆಕೆಂಡ್ ನಿಲ್ಲಲು ಹೇಳಿ. ಲೇಖಕರು ಮಾತು ತೆಗೆದಿರುವುದು ಅಲ್ಲಿ ಹೇಳಲಾಗದ್ದು ಇದೆ ಎಂದೇ.

ಅಪ್ಪನ ಕಥೆ ಬೇಕಾದವರಿಗೆ

ಈ ಪ್ರಕಾರದಲ್ಲಿ ಅಪ್ಪಂದಿರೇ ಹೆಚ್ಚು, ಮೂರು ದೊಡ್ಡ ಪುಸ್ತಕಗಳೂ ಇಲ್ಲೇ ಇವೆ. ಮೂರೂ ಮೂರು ಬಗೆಯ ಅಪ್ಪಂದಿರು, ಒಂದರ ಬದಲು ಇನ್ನೊಂದು ಆಗುವುದಿಲ್ಲ.

ಆರ್ಟ್ ಸ್ಪೀಗೆಲ್‌ಮನ್‌ರ 'ಮೌಸ್' ಎರಡು ಭಾಗಗಳಲ್ಲಿ, 1986 ಮತ್ತು 1991ರಲ್ಲಿ ಬಂತು. 1992ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್‌ನ ವಿಶೇಷ ಪುರಸ್ಕಾರ ಸಿಕ್ಕಿತು. ಪೋಲೆಂಡಿನ ಯಹೂದಿಯಾಗಿ ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದ ಅಪ್ಪ ವ್ಲಾಡೆಕ್‌ನ ಕಥೆಯನ್ನು ಮಗ ನ್ಯೂಯಾರ್ಕಿನಲ್ಲಿ ಕೂತು ಕೇಳಿ ಬರೆದುಕೊಳ್ಳುತ್ತಾನೆ. ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು, ಅಮೆರಿಕನ್ನರು ನಾಯಿಗಳು. ಇದನ್ನು "ಯುದ್ಧದ ಪುಸ್ತಕ" ಎಂದು ಪರಿಚಯಿಸಿದರೆ ಗೆಳೆಯರು ಇತಿಹಾಸದ ಪಾಠಕ್ಕೆ ಸಜ್ಜಾಗಿ ಕೂರುತ್ತಾರೆ, ದಣಿಯುತ್ತಾರೆ. ಮಾತ್ರೆ ಎಣಿಸುವ, ತುಂಡು ತಂತಿಯನ್ನೂ ಎಸೆಯದ, ಎರಡನೇ ಹೆಂಡತಿಯ ಜೊತೆ ಕಾಸಿಗೆ ಕಾಸು ಜಗಳ ಕಾಯುವ ಮುದುಕ ಅಪ್ಪನನ್ನು ಮಗ ಹೇಗೆ ಸಹಿಸಿಕೊಳ್ಳುತ್ತಾನೆ ಎಂದು ಪರಿಚಯಿಸಿ. ಅಂಥ ಒಬ್ಬರು ನಮ್ಮ ಪ್ರತಿ ಬೀದಿಯಲ್ಲೂ ಸಿಗುತ್ತಾರೆ, ಓದು ಅಲ್ಲಿಂದ ಹಿಡಿತಕ್ಕೆ ಬರುತ್ತದೆ. ಅಪ್ಪನ ಮುರುಕು ಇಂಗ್ಲಿಷ್ ಬೇಕೆಂದೇ ಹಾಗಿದೆ, ಅಚ್ಚಿನ ತಪ್ಪಲ್ಲ ಎಂದೂ ಹೇಳಿಬಿಡಿ.

ಎಚ್ಚರಿಕೆ ಹೇಳಬೇಕಾದ ಜಾಗ ಒಂದಿದೆ. ಮೊದಲ ಭಾಗದ ಐದನೇ ಅಧ್ಯಾಯದ ನಡುವೆ ನಾಲ್ಕು ಪುಟಗಳು ಇದ್ದಕ್ಕಿದ್ದಂತೆ ಬೇರೆಯೇ ಶೈಲಿಯಲ್ಲಿ ಬರುತ್ತವೆ. ಅಲ್ಲಿ ಇಲಿಗಳಿಲ್ಲ, ಮನುಷ್ಯರ ಮುಖಗಳೇ ಇವೆ. 1968ರಲ್ಲಿ ತಾಯಿ ತಾನಾಗಿಯೇ ಜೀವ ಕಳೆದುಕೊಂಡದ್ದರ ಬಗ್ಗೆ ಲೇಖಕ ಮುಂಚೆಯೇ ಬರೆದಿದ್ದ ಚಿತ್ರಕತೆ ಅದು. ಆ ಪುಟಗಳ ಅಂಚು ಕಪ್ಪು, ಪುಸ್ತಕ ಮುಚ್ಚಿದಾಗಲೂ ಹಾಳೆಗಳ ನಡುವೆ ಕಪ್ಪು ಗೆರೆಯಂತೆ ಕಾಣುತ್ತದೆ. ಮನೆಯಲ್ಲಿ ಅಂಥ ಸಾವು ಕಂಡವರಿಗೆ ಪುಸ್ತಕ ಕೊಡುವಾಗಲೇ ಆ ಗೆರೆಯನ್ನು ತೋರಿಸಿ, ಏನಿದೆ ಎಂದು ಹೇಳಿ. ದಾಟಿ ಹೋಗುವುದೋ ಓದುವುದೋ ಅವರ ಇಷ್ಟ.

ಎರಡು ಭಾಗ ಸೇರಿದ ಒಂದೇ ಸಂಪುಟ ಸಿಗುತ್ತದೆ, ಅದನ್ನೇ ಕೊಡಿ. ಮೊದಲ ಭಾಗವನ್ನಷ್ಟೇ ಕೊಟ್ಟರೆ ಅಪ್ಪ ಮಗನ ನಡುವಿನ ಅತಿ ಕಹಿ ಜಾಗದಲ್ಲಿ ಓದು ನಿಂತುಬಿಡುತ್ತದೆ.

ಆಲಿಸನ್ ಬೆಕ್ಡೆಲ್‌ರ 'ಫನ್ ಹೋಮ್' 2006ರದು. ಪೆನ್ಸಿಲ್ವೇನಿಯಾದ ಪುಟ್ಟ ಊರು. ಅಪ್ಪ ಇಂಗ್ಲಿಷ್ ಮೇಷ್ಟ್ರು, ಜೊತೆಗೆ ಶವಸಂಸ್ಕಾರದ ಮನೆ ನಡೆಸುವವನು. ಹಳೇ ಕಾಲದ ದೊಡ್ಡ ಮನೆಯನ್ನು ಅಣು ಅಣುವಾಗಿ ಅಲಂಕರಿಸುತ್ತಾನೆ, ಮಕ್ಕಳ ಜೊತೆ ಹಾಗೆ ಬೆರೆಯಲಾರ. ಮಗಳು ಕಾಲೇಜಿನಲ್ಲಿದ್ದಾಗ ತಾನು ಸಲಿಂಗಿ ಎಂದು ಮನೆಗೆ ಬರೆಯುತ್ತಾಳೆ. ಅಪ್ಪನೂ ಬದುಕಿಡೀ ಗಂಡಸರೊಂದಿಗಿನ ಸಂಬಂಧ ಮುಚ್ಚಿಟ್ಟಿದ್ದ ಎಂದು ಆಗ ತಿಳಿಯುತ್ತದೆ. ಕೆಲವೇ ತಿಂಗಳಲ್ಲಿ, 1980ರಲ್ಲಿ, ಅವನು ಲಾರಿಗೆ ಸಿಕ್ಕಿ ಸಾಯುತ್ತಾನೆ. ಅದು ಅಪಘಾತವೋ ಅಲ್ಲವೋ ಎಂಬ ಪ್ರಶ್ನೆಯನ್ನು ಏಳು ಅಧ್ಯಾಯಗಳೂ ಬೇರೆ ಬೇರೆ ದಿಕ್ಕಿನಿಂದ ಸುತ್ತುತ್ತವೆ.

ಇದು ಮೊದಲ ಪುಸ್ತಕವಾಗಿ ಕಷ್ಟ. ಕಾಲ ನೇರವಾಗಿ ಸಾಗುವುದಿಲ್ಲ, ಯುರೋಪಿನ ದೊಡ್ಡ ಲೇಖಕರಾದ ಜಾಯ್ಸ್, ಪ್ರೂಸ್ಟ್, ಕಮೂ ಪುಟ ಪುಟಕ್ಕೂ ಬರುತ್ತಾರೆ. ಸಾಹಿತ್ಯ ಓದಿಕೊಂಡ ಗೆಳೆಯರಿಗೆ ಅದೇ ಸುಖ, ಉಳಿದವರಿಗೆ ಗೋಡೆ. ಅವರನ್ನೆಲ್ಲ ಓದಿರದಿದ್ದರೂ ನಡೆಯುತ್ತದೆ, ಹೆಸರುಗಳನ್ನು ದಾಟಿ ಮನೆಯೊಳಗಿನ ಚಿತ್ರಗಳಿಗೆ ಅಂಟಿಕೊಳ್ಳಿ ಎಂದು ಧೈರ್ಯ ಕೊಡಿ. ಪ್ರತಿ ಭಂಗಿಗೂ ಲೇಖಕಿ ತಾವೇ ನಿಂತು ಫೋಟೋ ತೆಗೆದುಕೊಂಡು ಬರೆದಿದ್ದಾರೆ. ಪುಸ್ತಕಕ್ಕೆ ಏಳು ವರ್ಷ ಹಿಡಿದದ್ದು ಸುಮ್ಮನೆ ಅಲ್ಲ. ಬಾಲ್ಯದ ಡೈರಿಯ ಪುಟವಿರುವ ಜಾಗವನ್ನು ತೆರೆದು ತೋರಿಸಿ. ಪ್ರತಿ ವಾಕ್ಯದ ಪಕ್ಕ ಹುಡುಗಿ "ನನಗನ್ನಿಸುತ್ತದೆ" ಎಂದು ಸೇರಿಸತೊಡಗುತ್ತಾಳೆ, ಕೊನೆಕೊನೆಗೆ ಅದರ ಬದಲು ಒಂದು ಗುರುತನ್ನು ಇಡೀ ದಿನಚರಿಯ ಮೇಲೆ ಎಳೆದುಬಿಡುತ್ತಾಳೆ. ನಿಜ ಹೇಳಲು ಹೆದರುವ ಮನೆ ಮಗುವಿಗೆ ಏನು ಮಾಡುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಪುಟ ಈ ಪ್ರಕಾರದಲ್ಲಿ ಇನ್ನೊಂದಿಲ್ಲ. ಬೆತ್ತಲೆ ಚಿತ್ರಗಳೂ ಲೈಂಗಿಕ ದೃಶ್ಯಗಳೂ ಇವೆ. ಮನೆಯ ಟೀಪಾಯಿ ಮೇಲೆ ಬಿಟ್ಟು ಹೋಗುವ ಪುಸ್ತಕವಲ್ಲ, 18 ದಾಟಿದವರಿಗೆ ಮಾತ್ರ.

ಮೂರನೆಯದು ರಿಯಾದ್ ಸತ್ತೂಫ್‌ರ 'ದಿ ಅರಬ್ ಆಫ್ ದಿ ಫ್ಯೂಚರ್'. ಫ್ರೆಂಚಿನಲ್ಲಿ 2014ರಿಂದ 2022ರವರೆಗೆ ಆರು ಸಂಪುಟ. ಸಿರಿಯಾದ ಅಪ್ಪ, ಫ್ರಾನ್ಸಿನ ಅಮ್ಮ, ಹೊಂಬಣ್ಣದ ಕೂದಲಿನ ಮಗ. ದೊಡ್ಡ ಮಾತಿನ, ಸಣ್ಣ ಧೈರ್ಯದ ಅಪ್ಪ ಇಡೀ ಸಂಸಾರವನ್ನು ಲಿಬಿಯಾಕ್ಕೂ ಸಿರಿಯಾದ ಹಳ್ಳಿಗೂ ಹೊತ್ತುಕೊಂಡು ಓಡುತ್ತಾನೆ. ಮಗುವಿನ ಕಣ್ಣಿನಲ್ಲಿ ಅವನು ಮಹಾಶೂರ, ನಮ್ಮ ಕಣ್ಣಿಗೆ ಬೇರೆಯೇ ಕಾಣುತ್ತಾನೆ. ಲಿಬಿಯಾ ಹಳದಿ, ಫ್ರಾನ್ಸ್ ನೀಲಿ, ಸಿರಿಯಾ ಗುಲಾಬಿ. ಯಾವ ದೇಶದಲ್ಲಿದ್ದೇವೆ ಎಂದು ಪುಟದ ಬಣ್ಣವೇ ಹೇಳುತ್ತದೆ. ನಗುತ್ತಾ ಓದಿಸಿಕೊಳ್ಳುವ ಪುಸ್ತಕವಾದ್ದರಿಂದ ಚಿತ್ರಕತೆಗೆ ಹೊಸಬರಾದವರಿಗೂ ಕೊಡಬಹುದು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿ, ಅಷ್ಟು ಕಷ್ಟದ ಬಾಲ್ಯವನ್ನು ಇಷ್ಟು ನಗುವಿನಲ್ಲಿ ಹೇಳಬಹುದಾ ಎಂದು ಬೆರಗಾದವರಿಗೆ ಇದು ಬೇಗ ಹತ್ತಿರವಾಗುತ್ತದೆ. ಮೊದಲ ಸಂಪುಟದಲ್ಲಿ ಹುಡುಗರು ನಾಯಿಮರಿಯನ್ನು ಕೊಲ್ಲುವ ದೃಶ್ಯ ಇದೆ, ಪ್ರಾಣಿಪ್ರಿಯರಿಗೆ ಮೊದಲೇ ಹೇಳಿ. ಒಂದು ಸಂಪುಟ ಮಾತ್ರ ಕೊಟ್ಟು ನೋಡಿ, ಆರನ್ನೂ ಒಟ್ಟಿಗೆ ಹೊರಿಸಬೇಡಿ.

ಅಜ್ಜಿ, ಅಮ್ಮ

ಯಾರಿಗೆ ಏನು ಕೊಡಬೇಕೆಂದು ಏನೇನೂ ತಿಳಿಯದಿದ್ದರೆ ಮರ್ಜಾನ್ ಸತ್ರಪಿಯವರ 'ಪರ್ಸೆಪೊಲಿಸ್' ಕೊಡಿ. ಮೊದಲ ಪುಸ್ತಕವಾಗಿ ಇದಕ್ಕೆ ಸಾಟಿ ಇಲ್ಲ, ಕಾರಣಗಳೂ ಸ್ಪಷ್ಟ. ಚಿತ್ರ ಬರೀ ಕಪ್ಪು ಬಿಳುಪು, ನಡುವೆ ಬೂದು ಬಣ್ಣವೂ ಇಲ್ಲ. ಹೀಗಾಗಿ ಕಣ್ಣು ತಡವರಿಸುವುದಿಲ್ಲ. ಅಧ್ಯಾಯಗಳು ಚಿಕ್ಕವು, ಒಂದೊಂದಕ್ಕೂ ಒಂದು ವಸ್ತು ಅಥವಾ ಒಂದು ಘಟನೆಯ ಹೆಸರು. ಬಸ್ಸಿನಲ್ಲಿ ಒಂದು ಅಧ್ಯಾಯ ಓದಿ ಮುಚ್ಚಬಹುದು. ಕಥೆ 1980ರಲ್ಲಿ, ಇರಾನಿನ ಕ್ರಾಂತಿಯ ಮರುವರ್ಷ, ಹತ್ತು ವರ್ಷದ ಹುಡುಗಿಯ ತಲೆಯ ಮೇಲೆ ಶಾಲೆಯಲ್ಲಿ ಮುಸುಕು ಹಾಕಿಸುವುದರಿಂದ ಶುರುವಾಗುತ್ತದೆ. ಹದಿನಾಲ್ಕಕ್ಕೆ ಅವಳನ್ನು ಒಬ್ಬಳನ್ನೇ ವಿಯೆನ್ನಾಕ್ಕೆ ಕಳಿಸುತ್ತಾರೆ. ಹಾಸ್ಟೆಲಿಗೆ ಮಗಳನ್ನು ಬಿಟ್ಟು ಬಂದ ಯಾವ ಅಮ್ಮನಿಗಾದರೂ ಆ ವಿಮಾನ ನಿಲ್ದಾಣದ ಪುಟ ಅರ್ಥವಾಗುತ್ತದೆ.

ಅಜ್ಜಿಯ ಮಡಿಲಲ್ಲಿ ಬೆಳೆದ ಗೆಳತಿಗೆ ಕೊಡುವುದಾದರೆ ಪೀಠಿಕೆ ಒಂದೇ ಸಾಲು ಸಾಕು: "ಇದರಲ್ಲೊಬ್ಬಳು ಅಜ್ಜಿ ಇದ್ದಾಳೆ ಕಣೇ, ಮೈ ಘಮ್ಮನ್ನಲಿ ಅಂತ ದಿನಾ ಬೆಳಿಗ್ಗೆ ಎದೆಯೊಳಗೆ ಮಲ್ಲಿಗೆ ಹೂ ಇಟ್ಟುಕೊಳ್ಳುತ್ತಾಳೆ." ರಾಜಕೀಯ, ಇರಾನಿನ ದೊರೆ ಶಾ, ಯುದ್ಧ ಎಲ್ಲ ಆಮೇಲೆ ತಾನಾಗಿ ಬರಲಿ.

ಫ್ರೆಂಚಿನಲ್ಲಿ ಇದು 2000ದಿಂದ 2003ರವರೆಗೆ ನಾಲ್ಕು ಸಂಪುಟಗಳಾಗಿ ಬಂತು. ಇಂಗ್ಲಿಷಿನಲ್ಲಿ ಎರಡು, ಆಮೇಲೆ ಸೇರಿಸಿ ಒಂದು. ಹದಿಹರೆಯದವರಿಗೆ ಬಾಲ್ಯದ ಮೊದಲ ಭಾಗವಷ್ಟೇ ಸಾಕು. ವಿಯೆನ್ನಾದಿಂದ ಮುಂದಿನ ಭಾಗದಲ್ಲಿ ಮಾದಕ ವಸ್ತು, ಆತ್ಮಹತ್ಯೆಯ ಪ್ರಯತ್ನ ಎಲ್ಲ ಇದೆ. ಬಾಲ್ಯದ ಭಾಗದಲ್ಲೂ ಜೈಲಿನ ಚಿತ್ರಹಿಂಸೆಯ ಒಂದೆರಡು ಚೌಕಗಳಿವೆ. 2013ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಏಳನೇ ತರಗತಿಯಿಂದ ಈ ಪುಸ್ತಕವನ್ನು ತೆಗೆಸಿದ್ದು ಆ ಚೌಕಗಳ ನೆಪದಲ್ಲೇ. 14 ತುಂಬಿದ ಮಕ್ಕಳು, ಪಕ್ಕದಲ್ಲಿ ಮಾತಾಡಲು ಒಬ್ಬ ದೊಡ್ಡವರಿದ್ದರೆ, ಚೆನ್ನಾಗಿಯೇ ಓದುತ್ತಾರೆ.

ಅಮ್ಮನ ಕಥೆಗೆ ಥೀ ಬುಯಿ ಅವರ 'ದಿ ಬೆಸ್ಟ್ ವಿ ಕುಡ್ ಡೂ' (2017) ಹೊಂದುತ್ತದೆ, ಅದರಲ್ಲೂ ಮೊದಲ ಹೆರಿಗೆ ಮುಗಿಸಿಕೊಂಡ ಗೆಳತಿಯರಿಗೆ. ಲೇಖಕಿಯ ಹೆರಿಗೆಯಿಂದಲೇ ಪುಸ್ತಕ ತೆರೆಯುತ್ತದೆ. ಕೈಯಲ್ಲಿ ಮಗು ಹಿಡಿದ ಮೇಲೆ ತನ್ನ ಅಪ್ಪ ಅಮ್ಮನ ಬದುಕು ಅವಳಿಗೆ ಹೊಸದಾಗಿ ಕಾಣಿಸುತ್ತದೆ. 1978ರಲ್ಲಿ ವಿಯೆಟ್ನಾಮಿನಿಂದ ದೋಣಿಯಲ್ಲಿ ಪಾರಾಗಿ ಬಂದ ಸಂಸಾರ ಇದು. ಇಡೀ ಪುಸ್ತಕಕ್ಕೆ ಒಂದೇ ಬಣ್ಣ, ನೀರು ಬೆರೆಸಿದ ಇಟ್ಟಿಗೆ ಕೆಂಪು. ಎಲ್ಲವನ್ನೂ ಕೊಟ್ಟ, ಆದರೆ ಅಪ್ಪಿಕೊಳ್ಳದ ಅಪ್ಪ ಅಮ್ಮನ ಮಕ್ಕಳು ಇದನ್ನು ಓದುವಾಗ ಅಳುತ್ತಾರೆ. ಅಳುವುದಕ್ಕೆ ಒಂದು ರಜಾದಿನ ಇರುವಾಗ ಕೊಡಿ.

ಅಜ್ಜಿ, ಅಮ್ಮ, ಮಗಳು ಮೂರೂ ತಲೆಮಾರು ಒಂದೇ ಪುಸ್ತಕದಲ್ಲಿ ಬೇಕೆನ್ನುವವರಿಗೆ ಟೆಸ್ಸಾ ಹಲ್ಸ್‌ರ 'ಫೀಡಿಂಗ್ ಘೋಸ್ಟ್ಸ್' ಇದೆ. ಶಾಂಘಾಯ್‌ನಲ್ಲಿ ಪತ್ರಕರ್ತೆಯಾಗಿದ್ದ ಅಜ್ಜಿಯಿಂದ ಶುರುವಾಗುವ ಕಥೆ, 2025ರಲ್ಲಿ ಆತ್ಮಕಥನ ವಿಭಾಗದ ಪುಲಿಟ್ಜರ್ ಪಡೆಯಿತು. ಪುಟಗಳು ದಟ್ಟ, ಚೀನಾದ ಇತಿಹಾಸ ತುಂಬಾ ಇದೆ. ಮೂರ್ನಾಲ್ಕು ಪುಸ್ತಕ ಓದಿ ಪಳಗಿದವರಿಗೆ.

ಒಡಹುಟ್ಟಿದವರು, ಕಾಯಿಲೆ

ಮನೆಯಲ್ಲಿ ಒಬ್ಬರ ಕಾಯಿಲೆಯೇ ಎಲ್ಲರ ಬದುಕಾಗಿಬಿಟ್ಟ ಗೆಳೆಯರಿದ್ದರೆ ಡೇವಿಡ್ ಬಿ. ಅವರ 'ಎಪಿಲೆಪ್ಟಿಕ್' ಇದೆ. ಮೂರ್ಛೆರೋಗದ ಅಣ್ಣ, ವೈದ್ಯರಿಂದ ವೈದ್ಯರಿಗೆ, ಪಥ್ಯದ ಆಶ್ರಮಗಳಿಂದ ಮಂತ್ರವಾದಿಗಳಿಗೆ ಅಲೆಯುವ ಅಪ್ಪ ಅಮ್ಮ, ಮೂಲೆಯಲ್ಲಿ ಕೂತು ಯುದ್ಧದ ಚಿತ್ರ ಗೀಚುವ ತಮ್ಮ. ಹರಕೆ ಹೊತ್ತು, ಯಂತ್ರ ಕಟ್ಟಿಸಿ, ಕೊನೆಗೆ ದೊಡ್ಡಾಸ್ಪತ್ರೆಗೆ ಹೋದ ಮನೆಗಳ ಕಥೆಯೂ ಇದೇ. ಗೆರೆ ತುಂಬ ಗಾಢ, ಕಾಯಿಲೆ ಹಾವಿನಂತೆ ಬೆಟ್ಟದಂತೆ ಪುಟದಲ್ಲಿ ಹರಿದಾಡುತ್ತದೆ. ರೋಗಿಯನ್ನು ಈಗ ನೋಡಿಕೊಳ್ಳುತ್ತಿರುವವರಿಗಿಂತ ಆ ದಿನಗಳು ಕಳೆದು ನಾಲ್ಕೈದು ವರ್ಷ ಆದವರಿಗೆ ಇದು ಸರಿ.

ಡೇವಿಡ್ ಸ್ಮಾಲ್‌ರ 'ಸ್ಟಿಚಸ್' (2009) ಕೂಡ ಕಾಯಿಲೆಯದೇ, ಆದರೆ ಅದರ ಕೇಂದ್ರ ಮನೆಯ ಮೌನ. ಎಕ್ಸ್‌ರೇ ವೈದ್ಯನಾದ ಅಪ್ಪ ಮಗನಿಗೆ ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಎಕ್ಸ್‌ರೇ ಕೊಡುತ್ತಾನೆ. ಹದಿನಾಲ್ಕಕ್ಕೆ ಹುಡುಗನ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಹೋಗುತ್ತದೆ, ಕ್ಯಾನ್ಸರ್ ಎಂದು ಯಾರೂ ಹೇಳುವುದೇ ಇಲ್ಲ. ಮಾತಿಲ್ಲದ ಪುಟಗಳ ಸಾಲು ಸಾಲೇ ಇವೆ. ಇಂಗ್ಲಿಷ್ ತಡವರಿಸಿ ಓದುವವರೂ ಇದನ್ನು ಪೂರ್ತಿ ಮಾಡುತ್ತಾರೆ. ಕ್ರೇಗ್ ಥಾಂಪ್ಸನ್‌ರ 'ಬ್ಲಾಂಕೆಟ್ಸ್' (2003) ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಅಣ್ಣ ತಮ್ಮಂದಿರು, ಕಟ್ಟುನಿಟ್ಟಿನ ಚರ್ಚು, ಮೊದಲ ಪ್ರೀತಿ ಇವುಗಳ ಕಥೆ. 580ಕ್ಕೂ ಹೆಚ್ಚು ಪುಟ ನೋಡಿ ಗಾಬರಿಯಾದರೆ ಹೇಳಿ, ಪುಟಕ್ಕೆ ಮಾತು ಬಲು ಕಡಿಮೆ, ಎರಡು ಸಂಜೆಯ ಓದು.

ವಯಸ್ಸಾದ ಅಪ್ಪ ಅಮ್ಮ ಊರಲ್ಲಿ, ಮಕ್ಕಳು ದೂರದಲ್ಲಿ

ಈ ಸ್ಥಿತಿಯ ಗೆಳೆಯರು ಈಗ ಎಲ್ಲರಿಗೂ ಇದ್ದಾರೆ, ಮೈಸೂರಿನ ಮನೆಯ ಸಿಸಿಟಿವಿಯನ್ನು ಡಲ್ಲಾಸ್‌ನಲ್ಲಿ ಕೂತು ನೋಡುವವರು. ಅವರಿಗೆ ರಾಜ್ ಚಾಸ್ಟ್ ಅವರ 2014ರ ಪುಸ್ತಕ, 'ಕಾಂಟ್ ವಿ ಟಾಕ್ ಅಬೌಟ್ ಸಮ್‌ಥಿಂಗ್ ಮೋರ್ ಪ್ಲೆಸೆಂಟ್?'. ಬ್ರೂಕ್ಲಿನ್‌ನ ಹಳೇ ಮನೆಯಲ್ಲಿ ತೊಂಬತ್ತು ದಾಟಿದ ಅಪ್ಪ ಅಮ್ಮ, ಸಾವಿನ ಮಾತೆತ್ತಿದರೆ ಸಾಕು ವಿಷಯ ಬದಲಿಸುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕು, ಬೀಳುವ ಭಯ, ವೃದ್ಧಾಶ್ರಮದ ಖರ್ಚು, ಕೊನೆಗೆ ಮನೆ ಖಾಲಿ ಮಾಡುವಾಗ ಸಿಗುವ ಹಳೇ ಕನ್ನಡಕ, ಪೆನ್ಸಿಲ್ಲುಗಳ ಫೋಟೋ. ನಗು ಬರುವ ಪುಟಗಳೇ ಹೆಚ್ಚು. ಕೊನೆಯಲ್ಲಿ ಮಾತ್ರ ಶೈಲಿ ಬದಲಾಗಿ, ಹಾಸಿಗೆ ಹಿಡಿದ ತಾಯಿಯ ಗಂಭೀರ ರೇಖಾಚಿತ್ರಗಳು ಬರುತ್ತವೆ. ಅಪ್ಪ ಅಮ್ಮ ಗಟ್ಟಿಮುಟ್ಟಾಗಿರುವಾಗಲೇ ಓದಬೇಕಾದ ಪುಸ್ತಕ ಇದು, ಐಸಿಯು ಹೊರಗೆ ಕೂತವರಿಗೆ ಕೊಡಬಾರದು.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಮೀರಾ ಜೇಕಬ್‌ರ 'ಗುಡ್ ಟಾಕ್' (2019). ಭಾರತದಿಂದ ಹೋದ ಅಪ್ಪ ಅಮ್ಮನ ಮಗಳು, ಚರ್ಮದ ಬಣ್ಣದ ಬಗ್ಗೆ ಆರು ವರ್ಷದ ಮಗ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾಳೆ. ಫೋಟೋಗಳ ಮೇಲೆ ಕತ್ತರಿಸಿ ಅಂಟಿಸಿದಂಥ ಚಿತ್ರಗಳು, ಪೂರಾ ಮಾತುಕತೆ. ಹೆಣ್ಣು ಕಪ್ಪು ಎಂದು ನೆಂಟರು ಆಡುವ ಮಾತುಗಳನ್ನು ನಮ್ಮವರಿಗೆ ವಿವರಿಸಿ ಹೇಳಬೇಕಿಲ್ಲ.

ನಮ್ಮ ದೇಶದವು

ಮಾಲಿಕ್ ಸಜಾದ್‌ರ 'ಮುನ್ನು: ಎ ಬಾಯ್ ಫ್ರಮ್ ಕಾಶ್ಮೀರ್' (2015) ಶ್ರೀನಗರದ ಒಂದು ಕುಶಲಕರ್ಮಿ ಸಂಸಾರದ ಹುಡುಗನ ಕಥೆ. ಕಾಶ್ಮೀರಿಗಳನ್ನು ಅಲ್ಲಿನ ಹಂಗುಲ್ ಜಿಂಕೆಗಳಾಗಿ, ಉಳಿದವರನ್ನು ಮನುಷ್ಯರಾಗಿ ಬರೆದಿದ್ದಾರೆ. 'ಮೌಸ್' ಓದಿದವರಿಗೆ ಮುಂದಿನ ಹೆಜ್ಜೆಯಾಗಿ ಸರಿಹೋಗುತ್ತದೆ.

ಚೆನ್ನೈನ ತಾರಾ ಬುಕ್ಸ್ ತಂದ ಎರಡು ಪುಸ್ತಕಗಳು ಚೌಕ ಕಟ್ಟಿದ ಚಿತ್ರಕತೆಯಲ್ಲ, ಆದರೂ ಈ ಗುಂಪಿಗೆ ಸೇರಿಸಲೇಬೇಕು. ದುಲಾರಿ ದೇವಿಯವರ 'ಫಾಲೋಯಿಂಗ್ ಮೈ ಪೇಂಟ್ ಬ್ರಶ್' ಬಿಹಾರದ ಮೀನುಗಾರ ಸಮುದಾಯದ ಹೆಣ್ಣುಮಗಳೊಬ್ಬಳು ಮನೆಗೆಲಸ ಮಾಡುತ್ತಾ ಮಿಥಿಲಾ ಚಿತ್ರ ಕಲಿತ ಬದುಕು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ತೇಜುಬೆಹನ್‌ರ 'ಡ್ರಾಯಿಂಗ್ ಫ್ರಮ್ ದಿ ಸಿಟಿ' ಹಾಡುತ್ತಾ ಊರೂರು ಅಲೆದು ಅಹಮದಾಬಾದಿಗೆ ಬಂದು ನೆಲೆಸಿದ ಸಂಸಾರದ ಕಥೆ, ಕಪ್ಪು ಶಾಯಿಯ ಚುಕ್ಕೆ ಮತ್ತು ಗೆರೆಗಳಲ್ಲಿ. ಎರಡೂ ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಬಾರದ ಅಮ್ಮನ ಪಕ್ಕ ಕೂತು ಪುಟ ತಿರುಗಿಸುತ್ತಾ ಕನ್ನಡದಲ್ಲೇ ಹೇಳುತ್ತಾ ಹೋಗಬಹುದು. ಹಾಗೆ ಓದಿ ಹೇಳುವಾಗ ಒಂದು ಕ್ರಮ: ಮೊದಲು ಚಿತ್ರ ನೋಡಲು ಬಿಡಿ, ಏನು ಕಾಣುತ್ತಿದೆ ಎಂದು ಅವರ ಬಾಯಲ್ಲೇ ಕೇಳಿ, ಆಮೇಲೆ ಬರಹ ಓದಿ. ತಿರುಗುಮುರುಗಾದರೆ ಅವರು ಕಥೆ ಕೇಳುತ್ತಾರೆಯೇ ಹೊರತು ಪುಸ್ತಕ ನೋಡುವುದಿಲ್ಲ.

ಗೆಳೆಯರ ಮಕ್ಕಳಿಗೆ

ಒಂಬತ್ತರಿಂದ ಹನ್ನೆರಡರವರಿಗೆ ಎರಡು ಸಾಕು. ರೈನಾ ಟೆಲ್ಗೆಮೈಯರ್‌ರ 'ಸ್ಮೈಲ್' (2010) ಬಿದ್ದು ಮುಂಭಾಗದ ಹಲ್ಲು ಕಳೆದುಕೊಂಡ ಆರನೇ ತರಗತಿಯ ಹುಡುಗಿಯದು, ತಂತಿ ಕಟ್ಟಿಸಿಕೊಂಡ ಮಕ್ಕಳಿಗೆ ಮದ್ದಿನಂತೆ. ಸೀಸೀ ಬೆಲ್‌ರ 'ಎಲ್ ಡೆಫೋ' (2014) ನಾಲ್ಕು ವರ್ಷಕ್ಕೆ ಕೇಳುವ ಶಕ್ತಿ ಕಳೆದುಕೊಂಡ ಮಗುವಿನದು. ಕಿವಿಯ ಯಂತ್ರದ ಬ್ಯಾಟರಿ ಇಳಿದಂತೆ ಮಾತಿನ ಗುಳ್ಳೆಯ ಅಕ್ಷರಗಳು ಮಸುಕಾಗುತ್ತವೆ, ಆಮೇಲೆ ಗುಳ್ಳೆ ಖಾಲಿ. ಕೇಳಿಸದಿರುವುದು ಏನೆಂದು ಮಗುವಿಗೆ ಆ ಖಾಲಿ ಗುಳ್ಳೆ ತಿಳಿಸುವಷ್ಟು ಯಾವ ವಿವರಣೆಯೂ ತಿಳಿಸದು. ಜ್ಯಾರೆಟ್ ಕ್ರೊಸೊಸ್ಕಾ ಅವರ 'ಹೇ, ಕಿಡ್ಡೊ' (2018) ತಾಯಿ ಮಾದಕ ವ್ಯಸನಿಯಾಗಿ, ಅಜ್ಜ ಅಜ್ಜಿ ಬೆಳೆಸಿದ ಹುಡುಗನ ಕಥೆ. ಅದನ್ನು ಮಾತ್ರ ಹದಿಮೂರು ದಾಟಿದವರಿಗೆ, ಮೊದಲು ಅವರ ಅಪ್ಪ ಅಮ್ಮ ಓದಿದ ಮೇಲೆ ಕೊಡಿ.

ಪ್ರತಿ, ಪರದೆ, ಬೈಂಡಿಂಗ್

ಒಳ್ಳೆಯ ಪುಸ್ತಕ ಕೆಟ್ಟ ಪ್ರತಿಯಲ್ಲಿ ಸತ್ತುಹೋಗುತ್ತದೆ. ಫುಟ್‌ಪಾತಿನ ನಕಲಿ ಪ್ರತಿಗಳಲ್ಲಿ ಕಾದಂಬರಿ ಹೇಗೋ ಓದಬಹುದು, ಗ್ರಾಫಿಕ್ ಪುಸ್ತಕ ಆಗುವುದಿಲ್ಲ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದಾಗ ತೆಳುವಾದ ಬಣ್ಣದ ಲೇಪಗಳೆಲ್ಲ ಒಂದೇ ಬೂದು ಮುದ್ದೆಯಾಗುತ್ತವೆ. 'ಫನ್ ಹೋಮ್'ನ ನೀಲಿ ಹಸಿರಿನ ನೆರಳೂ ಥೀ ಬುಯಿಯ ಇಟ್ಟಿಗೆ ಬಣ್ಣವೂ ಮೊದಲು ಹೋಗುವವು. ಕೊಳ್ಳುವ ಮೊದಲು ಅತಿ ಸಣ್ಣ ಕೈಬರಹ ಇರುವ ಪುಟ ತೆರೆದು ಇಂಗ್ಲಿಷಿನ ಸಣ್ಣ 'ಎ', 'ಇ' ಅಕ್ಷರಗಳ ಹೊಟ್ಟೆ ನೋಡಿ. ಹೊಟ್ಟೆ ಮಸಿಯಿಂದ ತುಂಬಿಕೊಂಡಿದ್ದರೆ ನಕಲಿ ಅಥವಾ ಸವೆದ ಅಚ್ಚು. ಆಮೇಲೆ ಪುಸ್ತಕದ ಸರೀ ನಡುವಿನ ಪುಟ ತೆರೆದು, ಒಳಬದಿಯ ಚೌಕಗಳ ಅಂಚು ಪೂರ್ತಿ ಕಾಣುತ್ತದೆಯೇ ನೋಡಿ. ಬೈಂಡಿಂಗ್ ಚಿತ್ರವನ್ನು ನುಂಗಿದ್ದರೆ ಬಿಟ್ಟುಬಿಡಿ.

ಆರು ಇಂಚಿನ ಕಪ್ಪು ಬಿಳುಪು ಕಿಂಡಲ್‌ನಲ್ಲಿ ಸತ್ತೂಫ್ ಓದಿದರೆ ಹಳದಿ, ನೀಲಿ, ಗುಲಾಬಿ ಮೂರೂ ಒಂದೇ ಬೂದು. ಯಾವ ದೇಶ ಎಂಬ ಗುರುತೇ ಅಳಿಸಿಹೋಯಿತು. ಮೊಬೈಲಿನಲ್ಲಿ ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ತೋರಿಸುವ ಸೌಲಭ್ಯ ಇರುತ್ತದೆ, ಆದರೆ ಇಡೀ ಪುಟದ ಜೋಡಣೆ ಕಾಣದೆ ಹೋಗುತ್ತದೆ. 'ಫನ್ ಹೋಮ್'ನ ನಟ್ಟನಡುವೆ ಎರಡು ಪುಟ ತುಂಬಿದ ಒಂದು ಫೋಟೋದ ಚಿತ್ರ ಇದೆ, ಮೊಬೈಲಿನಲ್ಲಿ ಅದರ ಪೆಟ್ಟು ತಾಗುವುದೇ ಇಲ್ಲ. ಕನಿಷ್ಠ ಹತ್ತು ಇಂಚಿನ ಬಣ್ಣದ ಟ್ಯಾಬ್ಲೆಟ್ ಬೇಕು.

ಬೆಂಗಳೂರಿನಲ್ಲಿರುವವರು ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಹಳೆಯ ಅಸಲಿ ಪ್ರತಿಗಳನ್ನು ಹುಡುಕಬಹುದು. ಗೆಳೆಯರನ್ನು ಅಲ್ಲಿಗೇ ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಮೂರು ಪುಸ್ತಕ ಕೈಗಿತ್ತು ಹತ್ತು ನಿಮಿಷ ದೂರ ಹೋಗಿ. ಯಾವುದರಲ್ಲಿ ಮುಳುಗಿದ್ದಾರೋ ಅದೇ ಅವರ ಪುಸ್ತಕ.

ಎರವಲು ಕೊಡುವಾಗ ಅಂಟು ಬೈಂಡಿಂಗಿನ ದಪ್ಪ ಪುಸ್ತಕವನ್ನು ಮಗುಚಿ ಇಡಬೇಡಿ ಎಂದು ಹೇಳಿ. ಬೆನ್ನು ಸೀಳಿದರೆ ಪುಟಗಳು ಗೊಂಚಲಾಗಿ ಉದುರುತ್ತವೆ, ಕಳೆದ ಒಂದು ಪುಟವನ್ನು ಚಿತ್ರಕತೆಯಲ್ಲಿ ಊಹಿಸಿ ತುಂಬಿಕೊಳ್ಳಲಾಗದು.

ವಾಪಸು ಬಂದ ಮೇಲೆ

"ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವಷ್ಟೇ ಸಿಗುತ್ತದೆ. "ಯಾವ ಪುಟದಲ್ಲಿ ನಿಂತುಬಿಟ್ಟೆ?" ಎಂದು ಕೇಳಿ, ಆ ಪುಟವನ್ನು ಇಬ್ಬರೂ ಕೂತು ತೆರೆಯಿರಿ. ಮಾತು ಅವರ ಮನೆಯ ಕಡೆಗೆ ತಿರುಗಿದರೆ ಸುಮ್ಮನೆ ಕೇಳಿಸಿಕೊಳ್ಳಿ, ಪುಸ್ತಕಕ್ಕೆ ಎಳೆದು ತರಬೇಡಿ.

ಮುಗಿಸದೆ ಹಿಂದಿರುಗಿಸಿದ್ದರೆ ಬಸ್ ಟಿಕೆಟ್ ಎಲ್ಲಿದೆ ನೋಡಿ. ಹತ್ತನೇ ಪುಟದೊಳಗೆ ಇದ್ದರೆ ಚಿತ್ರಕತೆ ಓದುವ ರೂಢಿಯೇ ತೊಡಕಾಗಿದೆ, ಮುಂದಿನ ಸಲ ಮೊದಲ ಅಧ್ಯಾಯವನ್ನು ಜೊತೆಗೆ ಕೂತು ಓದಿ. ಐವತ್ತು ಅರವತ್ತರ ಆಸುಪಾಸಿನಲ್ಲಿದ್ದು, ಅಲ್ಲೇನೂ ಭಾರವಾದದ್ದು ಇಲ್ಲದಿದ್ದರೆ ವ್ಯಕ್ತಿ ತಪ್ಪಿದೆ. ಅಪ್ಪನ ಪುಸ್ತಕ ಕೊಟ್ಟಿದ್ದೀರಿ, ಅವರಿಗೆ ಬೇಕಾದ್ದು ಅಜ್ಜಿಯದು. ಟಿಕೆಟ್ ಸಿಕ್ಕಿದ ಪುಟ ಆಸ್ಪತ್ರೆಯದೋ ಸಾವಿನದೋ ಆಗಿದ್ದರೆ ಪುಸ್ತಕ ಸರಿಯಾಗಿಯೇ ಮುಟ್ಟಿದೆ, ಸಮಯ ಮಾತ್ರ ಇನ್ನೂ ಆಗಿಲ್ಲ. ಆ ಟಿಕೆಟನ್ನು ತೆಗೆಯದೆ, ಹಾಗೆಯೇ ಕಪಾಟಿನಲ್ಲಿಡಿ.